ಹತ್ತುವ ಹುಳು, ಹಿಡಿಯುವ ಬೂಸರು: ಗಡಿನಾಡಿನ ಕಾಳು ಸಂಗ್ರಹದ ಚರಿತ್ರೆ

ಗಡಿನಾಡಿನ ಕನ್ನಡದಲ್ಲಿ ಕೂಡಿಟ್ಟ ಕಾಳು ಕೆಡುವುದನ್ನು ಹೇಳಲು ಎರಡು ಬೇರೆ ಬೇರೆ ಕ್ರಿಯಾಪದಗಳಿವೆ. ಕಾಳಿಗೆ ಹುಳು ‘ಹತ್ತುತ್ತದೆ’, ಬೂಸರು ‘ಹಿಡಿಯುತ್ತದೆ’. ಅಕ್ಕಲಕೋಟೆಯ ತೊಗರಿಗೂ ಮಡಕಶಿರಾದ ಕಡಲೆಕಾಯಿಗೂ ಈ ಮಾತು ಸಲ್ಲುತ್ತದೆ. ಹತ್ತುವುದು ಹೊರಗಿನಿಂದ ಬಂದು ಏರುವ ಜೀವಿಯ ಕೆಲಸ. ಹಿಡಿಯುವುದು ಇದ್ದಲ್ಲಿಯೇ ಆವರಿಸುವ ಕೇಡಿನ ಕೆಲಸ. ಒಂದು ಕಣ್ಣಿಗೆ ಕಾಣುವ ಕಾಲುಳ್ಳ ಶತ್ರು; ಇನ್ನೊಂದು ತೇವದಿಂದ ಹುಟ್ಟಿ ಹಬ್ಬುವ ಶತ್ರು. ಆಡುಮಾತು ಸಹಜವಾಗಿ ಗುರುತಿಸಿದ ಈ ಭೇದದಲ್ಲಿ ದ್ವಿದಳ ಧಾನ್ಯಗಳ ಸಂಗ್ರಹದ ಮೂಲ ಸಮಸ್ಯೆಯೇ ಅಡಗಿದೆ.

ಆ ಸಮಸ್ಯೆಯನ್ನು ಹೀಗೆ ನಿರೂಪಿಸಬಹುದು. ಹುಳುವಿಗೆ ಉಸಿರಾಡಲು ಗಾಳಿ ಬೇಕು. ಆದ್ದರಿಂದ ಅದನ್ನು ತಡೆಯಲು ಕಾಳನ್ನು ಬಿಗಿಯಾಗಿ ಮುಚ್ಚಿಡಬೇಕು. ಬೂಸರಿಗೆ ಬೆಳೆಯಲು ತೇವ ಬೇಕು. ತೇವ ಹೊರಹೋಗಬೇಕಾದರೆ ಕಾಳು ಗಾಳಿಗೆ ತೆರೆದಿರಬೇಕು. ಒಂದು ಶತ್ರುವಿಗೆ ಬಾಗಿಲು ಮುಚ್ಚಿದರೆ ಇನ್ನೊಂದನ್ನು ಒಳಗೇ ಇಟ್ಟುಕೊಂಡಂತೆ. ಸಾಲದೆಂಬಂತೆ ಇವೆರಡೂ ಪರಸ್ಪರ ನೆರವಾಗುತ್ತವೆ. ಹುಳುಗಳ ಗುಂಪು ಉಸಿರಾಡುವಾಗ ರಾಶಿಯೊಳಗೆ ಕಾವು ಮತ್ತು ತೇವ ಹೆಚ್ಚುತ್ತವೆ. ಅವು ಕೊರೆದ ರಂಧ್ರಗಳು ಬೂಸರಿನ ಬೀಜಾಣುಗಳಿಗೆ ದಾರಿಯಾಗುತ್ತವೆ. ಈ ಇಕ್ಕಟ್ಟಿಗೆ ದಖ್ಖನಿನ ಒಕ್ಕಲು ಮನೆತನಗಳು ಕಂಡುಕೊಂಡ ಉತ್ತರ ಕ್ರಮಕ್ಕೆ ಸಂಬಂಧಿಸಿದುದು: ಮೊದಲು ಒಣಗಿಸುವುದು, ಅನಂತರ ಮುಚ್ಚುವುದು. ಈ ಎರಡು ಕೆಲಸಗಳು ಒಂದೇ ಮನೆಯ ಕೈಯಲ್ಲಿ, ಒಂದರ ಹಿಂದೊಂದು ನಡೆಯುವವರೆಗೆ ಕಾಳು ಬಹುಮಟ್ಟಿಗೆ ಉಳಿಯಿತು. ಅವು ಬೇರ್ಪಟ್ಟ ಬಗೆ, ಹಾಗೂ ಅದರ ನಷ್ಟ ಬೆಳೆದವನ ಪಾಲಿಗೇ ಬಂದ ಬಗೆ ಗಡಿನಾಡಿನ ಕೃಷಿ ಚರಿತ್ರೆಯಲ್ಲಿ ಲಕ್ಷ್ಯಕ್ಕೆ ಬಾರದ ಒಂದು ಅಧ್ಯಾಯ.

ಕಾಳಿನೊಡನೆ ಬಂದ ಜೀವಿ

ದಕ್ಷಿಣ ಭಾರತದ ಒಕ್ಕಲುತನದ ಆರಂಭದಲ್ಲಿಯೇ ದ್ವಿದಳ ಧಾನ್ಯಗಳಿವೆ. ಬಳ್ಳಾರಿ ಸಮೀಪದ ಸಂಗನಕಲ್ಲು, ತೆಕ್ಕಲಕೋಟೆ, ಇಂದು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯಲ್ಲಿರುವ ಹತ್ತಿಬೆಳಗಲ್ಲು ಮೊದಲಾದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಶೋಧಿಸಿದ ಸಸ್ಯ ಪುರಾತತ್ತ್ವಜ್ಞ ಡೋರಿಯನ್ ಫುಲ್ಲರ್ ಮತ್ತು ಅವರ ಸಹೋದ್ಯೋಗಿಗಳು ಸುಟ್ಟು ಕರಿಕಾದ ಹುರುಳಿ ಹಾಗೂ ಹೆಸರು ಕಾಳುಗಳನ್ನು ಸಣ್ಣ ಸಿರಿಧಾನ್ಯಗಳ ಜೊತೆಯಲ್ಲಿ ಗುರುತಿಸಿದರು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಈ ಬೆಳೆಗಳ ಸಾಲಿಗೆ ತೊಗರಿ ಬಂದು ಸೇರಿದ್ದು ಆಮೇಲೆ. ಅದರ ಕಾಡು ಪೂರ್ವಜ ಇರುವುದು ಪೂರ್ವ ಭಾರತದ ಬೆಟ್ಟಪ್ರದೇಶಗಳ ಕಡೆಗೆ. ಮಳೆ ಕಡಿಮೆಯಿರುವ ಈ ಭಾಗದಲ್ಲಿ ವರ್ಷಕ್ಕೊಮ್ಮೆ ಬರುವ ಕಾಳನ್ನು ಮುಂದಿನ ಸುಗ್ಗಿಯವರೆಗೆ, ಬೀಜವನ್ನು ಮುಂದಿನ ಬಿತ್ತನೆಯವರೆಗೆ ಕಾಯ್ದಿಡುವುದು ಬದುಕಿನ ಪ್ರಶ್ನೆಯಾಗಿತ್ತು.

ಕಾಯಬೇಕಾದುದು ಮುಖ್ಯವಾಗಿ ಒಂದು ಪುಟ್ಟ ದುಂಬಿಯಿಂದ. ಸ್ವೀಡನ್ನಿನ ಲಿನ್ನೇಯಸ್ 1758ರಲ್ಲಿ ಹೆಸರಿಸಿದ ಕಾಳಿನ ದುಂಬಿ ಇಂದು ಕ್ಯಾಲೋಸೋಬ್ರೂಕಸ್ ಚೈನೆನ್ಸಿಸ್ ಎಂದು ಕರೆಯಲ್ಪಡುತ್ತದೆ. ಅದರ ಸಮೀಪ ಬಂಧುವಾದ ಮ್ಯಾಕ್ಯುಲೇಟಸ್ ಪ್ರಭೇದವನ್ನು 1775ರಲ್ಲಿ ಫಾಬ್ರೀಸಿಯಸ್ ಹೆಸರಿಸಿದನು. ಹೆಣ್ಣು ದುಂಬಿ ಕಾಳಿನ ಸಿಪ್ಪೆಯ ಮೇಲೆ ಬಿಳಿಯ ಚುಕ್ಕೆಯಂತಹ ಮೊಟ್ಟೆಗಳನ್ನು ಅಂಟಿಸುತ್ತದೆ. ಮೊಟ್ಟೆಯೊಡೆದ ಮರಿ ಹೊರಗೆ ಬಾರದೆ, ಮೊಟ್ಟೆಯ ತಳದಿಂದಲೇ ನೇರವಾಗಿ ಕಾಳಿನೊಳಕ್ಕೆ ಕೊರೆದು ಹೋಗುತ್ತದೆ. ಒಳಗಿನ ತಿರುಳನ್ನು ತಿಂದು, ಅಲ್ಲಿಯೇ ಕೋಶಾವಸ್ಥೆಯನ್ನು ಕಳೆದು, ಒಂದು ದಿನ ಸಿಪ್ಪೆಯಲ್ಲಿ ಗುಂಡನೆಯ ಕಿಟಕಿ ತೆರೆದು ಹೊರಬರುತ್ತದೆ. ಬೇಸಗೆಯ ಸೆಕೆಯಲ್ಲಿ ಈ ಇಡೀ ಚಕ್ರಕ್ಕೆ ಒಂದು ತಿಂಗಳು ಸಾಕು. ಹೊರಬಂದ ದುಂಬಿ ಕಾಳು ತಿನ್ನುವುದಿಲ್ಲ. ಮತ್ತೆ ಮೊಟ್ಟೆಯಿಡುವುದಷ್ಟೇ ಅದರ ಕೆಲಸ. ಒಂದೊಂದು ಹೆಣ್ಣೂ ಹತ್ತಾರು ಮೊಟ್ಟೆಗಳನ್ನಿಡುವುದರಿಂದ ಮಾಘದಲ್ಲಿ ಅಲ್ಲೊಂದು ಇಲ್ಲೊಂದು ಕಂಡ ತೂತು ಮಳೆಗಾಲದ ಹೊತ್ತಿಗೆ ಇಡೀ ಗಡಿಗೆಯನ್ನು ಹಿಟ್ಟು ಮಾಡುತ್ತದೆ.

ಎರಡು ಸಂಗತಿಗಳು ಇಲ್ಲಿ ಮುಖ್ಯ. ಒಂದು, ದುಂಬಿ ಮನೆಯಲ್ಲಿ ಹುಟ್ಟುವುದಿಲ್ಲ. ಹೊಲದಲ್ಲಿ ಒಣಗುತ್ತಿರುವ ಕಾಯಿಯ ಮೇಲೆಯೇ ಅದು ಮೊಟ್ಟೆಯಿಟ್ಟಿರುತ್ತದೆ. ಕಣಕ್ಕೆ ಬಂದ ಕಾಳಿನಲ್ಲಿ ಆಗಲೇ ಮರಿ ಇರಬಹುದು, ನೋಡುವವರಿಗೆ ಕಾಳು ಹಸನಾಗಿಯೇ ಕಾಣುತ್ತದೆ. ಮನುಷ್ಯನೊಳಗಿನ ಕಾಣದ ದೋಷಕ್ಕೂ ಕನ್ನಡ ‘ಹುಳುಕು’ ಎನ್ನುವುದು ಈ ಅನುಭವದ ಹಿನ್ನೆಲೆಯಲ್ಲಿ ಸಾರ್ಥಕವಾಗಿದೆ: ಹೊರಬಿದ್ದಾಗಲೇ ತಿಳಿಯುವಂಥದು ಅದು. ಎರಡು, ಈ ದುಂಬಿಗೆ ಇಡಿಯಾದ ಕಾಳು ಬೇಕು. ಸಿಪ್ಪೆ ಹೋಗಿ ಇಬ್ಭಾಗವಾದ ಬೇಳೆಯಲ್ಲಿ ಅದರ ಸಂತತಿ ಸುಲಭವಾಗಿ ಬೆಳೆಯಲಾರದು.

ಮಣ್ಣು, ಬೂದಿ, ಎಣ್ಣೆ, ಬೇಳೆ

ಈ ಎರಡನೆಯ ಸಂಗತಿಯನ್ನು ಗಮನದಲ್ಲಿರಿಸಿಕೊಂಡರೆ ಬೇಳೆ ಮಾಡುವ ಪದ್ಧತಿಯ ಇನ್ನೊಂದು ಮುಖ ಕಾಣುತ್ತದೆ. ತೊಗರಿಯನ್ನು ಬೇಳೆ ಮಾಡುವುದು ಬೇಗ ಬೇಯಲೆಂದು ಮಾತ್ರವಲ್ಲ, ಕೆಡದಿರಲೆಂದೂ ಹೌದು. ತೊಗರಿಯನ್ನು ನೆನೆಸಿ, ಕೆಮ್ಮಣ್ಣಿನ ರಾಡಿಯನ್ನು ಸವರಿ, ಬಿಸಿಲಿಗೆ ಒಣಗಲು ಹರಡಿ, ಆಮೇಲೆ ಬೀಸುಕಲ್ಲಿಗೆ ಹಾಕಿ ಒಡೆಯುವ ವಿಧಾನ ದಖ್ಖನಿನ ಉದ್ದಕ್ಕೂ ಬಳಕೆಯಲ್ಲಿತ್ತು. ಮಣ್ಣು ಸಿಪ್ಪೆಯನ್ನು ಬಿಡಿಸಲು ನೆರವಾಗುತ್ತದೆ. ಹಲವು ದಿನಗಳ ಬಿಸಿಲು ಕಾಳಿನೊಳಗಿನ ಮರಿಯನ್ನು ಕೊಲ್ಲುತ್ತದೆ. ಹೀಗೆ ವರ್ಷದ ಊಟದ ಪಾಲು ಬೇಳೆಯಾಗಿ ಗಡಿಗೆ ಸೇರುತ್ತಿತ್ತು. ಬೇಳೆಗೆ ಹಿಟ್ಟಿನ ಹುಳುವಿನಂತಹ ಬೇರೆ ಶತ್ರುಗಳು ಉಂಟಾದರೂ ಮುಖ್ಯ ಶತ್ರುವಿನ ಬಾಗಿಲು ಮುಚ್ಚಿರುತ್ತಿತ್ತು.

ಬೀಜದ ಪಾಲನ್ನು ಬೇಳೆ ಮಾಡುವಂತಿಲ್ಲ. ಅದಕ್ಕೆ ಬೇರೆ ಉಪಾಯಗಳು ಬೇಕಾದವು. ಇಡಿ ಕಾಳಿಗೆ ಕೆಮ್ಮಣ್ಣು ಸವರಿ ಒಣಗಿಸಿಡುವುದು ಒಂದು. ಒಲೆಯ ಬೂದಿಯನ್ನು ಜರಡಿ ಹಿಡಿದು ಕಾಳಿನೊಡನೆ ಬೆರೆಸಿ ಹರವಿಯಲ್ಲಿ ತುಂಬುವುದು ಮತ್ತೊಂದು. ನುಣ್ಣನೆಯ ಬೂದಿ ಕಾಳು ಕಾಳಿನ ನಡುವಿನ ಸಂದನ್ನು ತುಂಬಿ ದುಂಬಿಯ ಓಡಾಟವನ್ನು ತಡೆಯುತ್ತದೆ. ಅದರ ಮೈಯ ಮೇಲಿನ ಮೇಣದ ಪದರವನ್ನು ಕೆರೆದು, ಒಡಲ ನೀರನ್ನು ಹೀರಿ ಕೊಲ್ಲುತ್ತದೆ. ಗಡಿಗೆಯ ಬಾಯಿಯಲ್ಲಿ ಕಾಳಿನ ಮೇಲೆ ಒಂದು ಪದರ ಮರಳು ಹರಡಿದರೆ ಮೇಲಿನಿಂದ ಇಳಿದು ಮೊಟ್ಟೆಯಿಡುವ ದುಂಬಿಗೆ ದಾರಿಯಿಲ್ಲ. ಹರಳೆಣ್ಣೆಯನ್ನು ಅಂಗೈಗೆ ಹಚ್ಚಿಕೊಂಡು ಕಾಳನ್ನು ಉಜ್ಜುವುದು ಮೂರನೆಯದು. ಸಿಪ್ಪೆಯ ಮೇಲಿನ ತೆಳುವಾದ ಎಣ್ಣೆ ಮೊಟ್ಟೆಯ ಉಸಿರುಗಟ್ಟಿಸುತ್ತದೆ. ಒಂದು ಕಿಲೋ ಕಾಳಿಗೆ ಸುಮಾರು 5 ಮಿಲಿಲೀಟರ್, ಅಂದರೆ ಒಂದು ಚಮಚೆಯಷ್ಟು ಎಣ್ಣೆ ಸಾಕೆಂದು ಆಧುನಿಕ ಪ್ರಯೋಗಗಳೂ ಹೇಳುತ್ತವೆ. ಬೇವಿನ ಸೊಪ್ಪು, ಲಕ್ಕಿ ಸೊಪ್ಪುಗಳನ್ನು ನೆರಳಲ್ಲಿ ಒಣಗಿಸಿ ಪದರ ಪದರವಾಗಿ ಹಾಕುವುದು ಇವೆಲ್ಲವುಗಳ ಜೊತೆಗಿನ ಕಾವಲು.

ಧಾನ್ಯದ ದೊಡ್ಡ ರಾಶಿಗೆ ನೆಲದೊಳಗಿನ ಹಗೇವು ಇತ್ತು. ಸೊಲ್ಲಾಪುರ ಸೀಮೆಯ ಮರಾಠಿಯಲ್ಲಿ ಇದೇ ‘ಪೇವ’. ಮುಖ್ಯವಾಗಿ ಜೋಳ, ರಾಗಿಗಳಿಗೆ ಮೀಸಲಾದ ಈ ಗುಂಡಿಯನ್ನು ಇಲ್ಲಿ ಹೇಳಬೇಕಾದುದು ಅದರ ತತ್ತ್ವಕ್ಕಾಗಿ. ಕಿರಿದಾದ ಬಾಯಿ, ಅಗಲವಾದ ಒಡಲು, ಒಳಸುತ್ತಿಗೆ ಹುಲ್ಲಿನ ಹೊದಿಕೆ, ಬಾಯಿಗೆ ಕಲ್ಲು, ಮೇಲೆ ಮಣ್ಣು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಇಂತಹ ಗುಂಡಿಗಳಲ್ಲಿ ಧಾನ್ಯವನ್ನು ಬಹುಕಾಲ ಇಡುವುದನ್ನು ದಾಖಲಿಸಿದ್ದಾನೆ. ಮುಚ್ಚಿದ ಹಗೇವಿನೊಳಗೆ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ; ಹುಳು ತಾನಾಗಿ ಸಾಯುತ್ತದೆ. ಹಗೇವು ತೆಗೆದೊಡನೆ ಒಳಗಿಳಿಯದೆ, ಗಾಳಿಯಾಡಲು ಬಿಟ್ಟು, ದೀಪವಿಳಿಸಿ ಅದು ಆರದೆ ಉರಿಯುವುದನ್ನು ಕಂಡ ಮೇಲೆಯೇ ಇಳಿಯಬೇಕೆಂಬ ಎಚ್ಚರಿಕೆ ಆ ಅನುಭವದ್ದು. ಅವಸರಪಟ್ಟು ಇಳಿದವರನ್ನು ಕೊಂದ ಅನಿಲವೇ ಹುಳುವನ್ನೂ ಕೊಲ್ಲುತ್ತಿತ್ತು. ಆದರೆ ಹಗೇವಿಗೆ ಒಣ ನೆಲ ಬೇಕು. ಅನಂತಪುರದಂತೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿಯೂ ಗೋಡೆಗೆ ತಾಗಿದ ಪದರ ಬೂಸರು ಹಿಡಿಯುವುದಿತ್ತು.

ಪಶ್ಚಿಮದ ಕರಾವಳಿಯಲ್ಲಿ ಚಿತ್ರ ತಲೆಕೆಳಗಾಗುತ್ತದೆ. ವರ್ಷಕ್ಕೆ 3 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಾಸರಗೋಡಿನಲ್ಲಿ ನೆಲವನ್ನು ತೋಡಿದರೆ ನೀರು. ಅಲ್ಲಿ ಭತ್ತದ ಕೊಯ್ಲಾದ ಗದ್ದೆಗಳಲ್ಲಿ ಬೆಳೆದ ಉದ್ದು, ಹೆಸರು, ಅಲಸಂದೆ, ಹುರುಳಿಗಳಿಗೆ ದೊಡ್ಡ ಶತ್ರು ಮಳೆಗಾಲದ ಹಸಿ ಗಾಳಿ. ಆದುದರಿಂದ ಸಂಗ್ರಹ ಕೆಳಕ್ಕಿಳಿಯದೆ ಮೇಲಕ್ಕೇರಿತು: ಅಡುಗೆಮನೆಯ ಅಟ್ಟಕ್ಕೆ, ಒಲೆಯ ಹೊಗೆಯ ದಾರಿಗೆ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿ ಆ ಹೊಗೆಯಲ್ಲಿ ತಿಂಗಳುಗಟ್ಟಲೆ ಕಪ್ಪಾಗುತ್ತಿತ್ತು. ಹೊಗೆಯ ಕಾವು ತೇವವನ್ನು ಒಳಗೆ ಬಿಡದು. ಅದರ ಕಟುವಾಸನೆ ಹುಳುವನ್ನು ಸಮೀಪಕ್ಕೆ ಬಿಡದು. ಒಣನಾಡಿನ ಹಗೇವು, ಮಳೆನಾಡಿನ ಅಟ್ಟ ಇವೆರಡೂ ಒಂದೇ ಪ್ರಶ್ನೆಗೆ ಎರಡು ಹವಾಮಾನಗಳು ಕೊಟ್ಟ ಉತ್ತರಗಳು.

ಹಗೇವನ್ನು ತೋಡುವುದು, ತುಂಬುವುದು ಗಂಡಸರ ಕೆಲಸವಾಗಿದ್ದರೂ ಕಾಳಿನ ಕಾವಲು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿತ್ತು. ಕೇರುವುದು, ಹಸನು ಮಾಡುವುದು, ಬಿಸಿಲಿಗೆ ಹಾಕಿ ತೆಗೆಯುವುದು, ಹಲ್ಲಿನಲ್ಲಿ ಕಡಿದು ಟಕ್ಕೆಂದಾಗ ಕಾಳು ಒಣಗಿತೆಂದು ಹೇಳುವುದು, ಯಾವ ಗಡಿಗೆಯಲ್ಲಿ ಬೀಜ, ಯಾವುದರಲ್ಲಿ ಊಟದ ಕಾಳು ಎಂದು ನೆನಪಿಡುವುದು ಇವೆಲ್ಲ ಅವರ ಅಲಿಖಿತ ವಿದ್ಯೆ. ಕಂದಾಯದ ಕಡತಗಳು ರಾಶಿಯನ್ನು ಅಳೆದವು. ರಾಶಿಯನ್ನು ಉಳಿಸಿದ ಈ ದುಡಿಮೆ ಅವುಗಳಲ್ಲಿ ದಾಖಲಾಗಲಿಲ್ಲ.

ಗೋಣಿಚೀಲದ ಯುಗ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎರಡು ವಸ್ತುಗಳು ಈ ವ್ಯವಸ್ಥೆಯನ್ನು ಅಲ್ಲಾಡಿಸಿದವು: ರೈಲು ಮತ್ತು ಗೋಣಿಚೀಲ. ಬೊಂಬಾಯಿಯಿಂದ ಹೊರಟ ಹಳಿ 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿತು. 1871ರಲ್ಲಿ ಅದು ಆದವಾನಿಯ ಮೂಲಕ ಬಂದ ಮದ್ರಾಸಿನ ಹಳಿಯನ್ನು ರಾಯಚೂರಿನಲ್ಲಿ ಕೂಡಿತು. ಅದೇ ಕಾಲಕ್ಕೆ ಬಂಗಾಳದಲ್ಲಿ 1855ರಿಂದ ಆರಂಭವಾದ ಸೆಣಬಿನ ಗಿರಣಿಗಳು ಅಗ್ಗದ ಚೀಲಗಳನ್ನು ದೇಶದ ತುಂಬ ಹರಡಿದವು. ಕೂಡಿಡುವ ಕಾಳು ಸಾಗಿಸುವ ಸರಕಾಯಿತು.

ಸಾಗಿಸುವುದಕ್ಕೆ ಗೋಣಿಚೀಲ ಉತ್ತಮ. ಕಾಯುವುದಕ್ಕೆ ಅದು ಅತ್ಯಂತ ದುರ್ಬಲ. ಅದರ ನೇಯ್ಗೆಯ ಕಂಡಿಗಳಲ್ಲಿ ದುಂಬಿ ನಿರಾಯಾಸವಾಗಿ ಹಾದುಹೋಗುತ್ತದೆ, ಗಾಳಿ ಹಾದುಹೋಗುತ್ತದೆ, ಮಳೆಗಾಲದ ತೇವವೂ ಒಳಸೇರುತ್ತದೆ. ಹಗೇವು ಒಂದು ಶತ್ರುವನ್ನು, ಅಟ್ಟ ಇನ್ನೊಂದನ್ನು ಮುಖ್ಯವಾಗಿ ತಡೆಯುತ್ತಿದ್ದರೆ ಚೀಲ ಎರಡನ್ನೂ ತಡೆಯದು. ಮಾತ್ರವಲ್ಲ, ಖಾಲಿಯಾದ ಚೀಲದ ಹೊಲಿಗೆಯಲ್ಲಿ ಉಳಿದ ಹುಳು ಮುಂದಿನ ಊರಿಗೆ, ಮುಂದಿನ ಬೆಳೆಗೆ ದಾಟುತ್ತದೆ. ಒಂದು ಮನೆಯ ಗಡಿಗೆಯಲ್ಲಿ ಮುಗಿಯಬೇಕಾಗಿದ್ದ ಕೇಡು ಸಂತೆಯಿಂದ ಸಂತೆಗೆ ಪಯಣಿಸಲು ತೊಡಗಿತು.

1876–78ರ ಭೀಕರ ಕ್ಷಾಮ ಬಳ್ಳಾರಿ, ಕರ್ನೂಲು, ಸೊಲ್ಲಾಪುರ, ಕಲಾದಗಿ ಜಿಲ್ಲೆಗಳನ್ನು ಸುಟ್ಟಾಗ ಧಾನ್ಯವನ್ನು ಒಳತರಬಲ್ಲ ರೈಲೇ ಅದನ್ನು ಹೆಚ್ಚು ಬೆಲೆ ಸಿಗುವಲ್ಲಿಗೆ ಹೊರಗೂ ಒಯ್ಯಬಲ್ಲುದು ಎಂಬುದು ಸ್ಪಷ್ಟವಾಯಿತು. ಕಂದಾಯವನ್ನು ನಗದಾಗಿ ಸಲ್ಲಿಸಬೇಕಾದ ಒಕ್ಕಲಿಗೆ ಸುಗ್ಗಿಯಲ್ಲಿಯೇ ಮಾರುವುದು ಅನಿವಾರ್ಯವಾಗಿತ್ತು. ಹಲವು ವರ್ಷಗಳ ಧಾನ್ಯವನ್ನು ನೆಲದಡಿಯಲ್ಲಿ ಇಡುವ ರೂಢಿ ಮುಂದಿನ ದಶಕಗಳಲ್ಲಿ ಕ್ಷೀಣಿಸುತ್ತ ಬಂದಿತು. ಒಣಗಿಸುವವನು ಒಬ್ಬ, ತೂಗುವವನು ಒಬ್ಬ, ಕೂಡಿಡುವವನು ಮತ್ತೊಬ್ಬ ಎಂಬ ಹಂಚಿಕೆ ಆಗ ನೆಲೆಗೊಂಡಿತು. ತೂಕಕ್ಕೆ ಹಣ ಸಿಗುವ ಪೇಟೆಯಲ್ಲಿ ಕಾಳನ್ನು ಇನ್ನಷ್ಟು ಒಣಗಿಸಿದರೆ ಒಣಗಿಸಿದವನಿಗೇ ನಷ್ಟ. ಹಲ್ಲಿನಲ್ಲಿ ಕಡಿದು ನೋಡುವ ವಿದ್ಯೆಗೆ ಪೇಟೆಯಲ್ಲಿ ಬೆಲೆಯಿರಲಿಲ್ಲ.

ಹೊಸ ಬೆಳೆ, ಹಳೆಯ ಬೂಸರು

ಈ ಬದಲಾದ ವ್ಯವಸ್ಥೆಗೆ ಬಂದ ದ್ವಿದಳ ಬೆಳೆ ಶೇಂಗಾ, ದಕ್ಷಿಣದ ಮಾತಿನಲ್ಲಿ ಕಡಲೆಕಾಯಿ. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡ ಹತ್ತೊಂಬತ್ತನೆಯ ಶತಮಾನದ ಕೊನೆ ಹಾಗೂ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಎಣ್ಣೆಗಾಗಿ ದಖ್ಖನಿನಲ್ಲಿ ವ್ಯಾಪಕವಾಗಿ ಹಬ್ಬಿತು. ಆದವಾನಿ ಹತ್ತಿಯ ಜೊತೆಗೆ ಶೇಂಗಾದ ಪೇಟೆಯಾಯಿತು. ರಾಯದುರ್ಗ, ಮಡಕಶಿರಾಗಳನ್ನೊಳಗೊಂಡ ಅನಂತಪುರ ಸೀಮೆ ಮುಂದೆ ದೇಶದ ಅತಿ ದೊಡ್ಡ ಶೇಂಗಾ ಪ್ರದೇಶಗಳಲ್ಲೊಂದಾಯಿತು. ಸೊಲ್ಲಾಪುರದಲ್ಲಿ ಶೇಂಗಾ ಚಟ್ನಿ ಊರಿನ ಗುರುತಾಯಿತು. ಹೊಸ ಬೆಳೆಗೆ ಹೊಸ ಹುಳುವೂ ದೊರೆಯಿತು. ಹುಣಸೆಹಣ್ಣಿನ ಬೀಜವನ್ನು ಕೊರೆಯುವ ದುಂಬಿ ಕೂಡಿಟ್ಟ ಶೇಂಗಾಕ್ಕೂ ಹತ್ತಿತು. ಹೊಲದ ಬದುವಿನ ಹುಣಸೆಮರ ಹೀಗೆ ಪರದೇಶದ ಕಾಯಿಗೆ ಸ್ಥಳೀಯ ಶತ್ರುವನ್ನು ಒದಗಿಸಿತು.

ಆದರೆ ಶೇಂಗಾದ ಮುಖ್ಯ ಕೇಡು ಹತ್ತುವ ಹುಳುವಲ್ಲ, ಹಿಡಿಯುವ ಬೂಸರು. ತೊಗರಿ, ಅವರೆ, ಹುರುಳಿಗಳ ಕಾಯಿ ಗಾಳಿಯಲ್ಲಿ ಒಣಗುತ್ತದೆ. ಶೇಂಗಾದ ಕಾಯಿ ಮಣ್ಣಿನೊಳಗೇ ಮಾಗುತ್ತದೆ. ಮಣ್ಣು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಹಸಿರು ಬೂಸರಿನ ತವರು. 1729ರಲ್ಲಿ ಇಟಲಿಯ ಪಾದ್ರಿ ಮಿಕೇಲಿ ಸೂಕ್ಷ್ಮದರ್ಶಕದಲ್ಲಿ ಇಂತಹ ಬೂಸರುಗಳನ್ನು ಕಂಡು, ಚರ್ಚಿನಲ್ಲಿ ತೀರ್ಥ ಸಿಂಪಡಿಸುವ ಸಾಧನದ ಹೋಲಿಕೆಯಿಂದ ಆಸ್ಪರ್ಜಿಲಸ್ ಎಂದು ಕರೆದನು. ಫ್ಲೇವಸ್ ಪ್ರಭೇದಕ್ಕೆ 1809ರಲ್ಲಿ ಲಿಂಕ್ ಹೆಸರಿಟ್ಟನು. ನೂರೈವತ್ತು ವರ್ಷಗಳ ಕಾಲ ಅದು ಕೇವಲ ಒಂದು ಹೆಸರಾಗಿ ಉಳಿಯಿತು.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ತನಿಖೆಯ ಜಾಡು ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿಗೆ, ಅಲ್ಲಿಂದ ಅದರಲ್ಲಿ ಬೆಳೆದಿದ್ದ ಈ ಬೂಸರಿಗೆ, ಕೊನೆಗೆ ಬೂಸರು ಸ್ರವಿಸಿದ ವಿಷಕ್ಕೆ ಮುಟ್ಟಿತು. ಆಸ್ಪರ್ಜಿಲಸ್‌ನ ಮೊದಲ ಅಕ್ಷರ, ಫ್ಲೇವಸ್‌ನ ಮೊದಲ ಭಾಗ, ವಿಷವೆಂಬ ಅರ್ಥದ ಟಾಕ್ಸಿನ್ ಇವು ಕೂಡಿ ‘ಅಫ್ಲಾಟಾಕ್ಸಿನ್’ ಎಂಬ ಪದ ಹುಟ್ಟಿತು. ಯಕೃತ್ತಿನ ಕ್ಯಾನ್ಸರಿಗೆ ಇದು ಕಾರಣವೆಂಬುದು ಮುಂದೆ ದೃಢಪಟ್ಟಿತು. ಭಾರತದಲ್ಲಿ ಇದರ ಭೀಕರತೆ ತಿಳಿದದ್ದು 1974ರಲ್ಲಿ. ರಾಜಸ್ಥಾನದ ಬಾಂಸ್‌ವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಬೂಸರು ಹಿಡಿದ ಮೆಕ್ಕೆಜೋಳ ತಿಂದ ಬಡ ಕುಟುಂಬಗಳಲ್ಲಿ 397 ಮಂದಿ ಕಾಯಿಲೆ ಬಿದ್ದು 106 ಮಂದಿ ಸತ್ತರು. ಬೆಳೆ ಬೇರೆ, ಬೂಸರು ಅದೇ.

ಈ ವಿಷದ ಸ್ವಭಾವ ಮನೆಯ ವಿದ್ಯೆಯನ್ನು ಮೀರಿದ್ದು. ಬೂಸರನ್ನು ಒರೆಸಿದರೂ ವಿಷ ಉಳಿಯುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ. ಬಣ್ಣ, ರುಚಿ, ವಾಸನೆಗಳಿಂದ ಅದನ್ನು ಪತ್ತೆಹಚ್ಚಲಾಗದು. ಸಾವಿರಾರು ಬೀಜಗಳ ನಡುವೆ ಒಂದೆರಡರಲ್ಲಿ ಮಾತ್ರ ಅದು ತುಂಬಿರಬಹುದು. ಗಾಣದಲ್ಲಿ ಹಿಂಡಿದಾಗ ಹೆಚ್ಚಿನ ಪಾಲು ಎಣ್ಣೆಗೆ ಹೋಗದೆ ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ ತಿಂದ ಎಮ್ಮೆ ಆಕಳುಗಳ ಹಾಲಿನಲ್ಲಿ ಅದರ ರೂಪಾಂತರ ಕಾಣಿಸಿಕೊಳ್ಳುತ್ತದೆ. ಒಳ್ಳೆಯ ಕಾಯಿಯನ್ನು ಮಾರಿ, ಕೆಟ್ಟದ್ದನ್ನು ಮನೆಗೂ ದನಕ್ಕೂ ಉಳಿಸಿಕೊಳ್ಳುವ ಬಡತನದ ಲೆಕ್ಕಾಚಾರದಲ್ಲಿ ವಿಷದ ದೊಡ್ಡ ಪಾಲು ಬೆಳೆದವರ ಒಲೆಗೇ ಹಿಂದಿರುಗುತ್ತದೆ.

ದೋಷ ಯಾರದು

ಸಾಮಾನ್ಯವಾಗಿ ಇದಕ್ಕೆ ಕೊಡುವ ಕಾರಣ ರೈತನ ಅಲಕ್ಷ್ಯ: ಸರಿಯಾಗಿ ಒಣಗಿಸಲಿಲ್ಲ, ಸರಿಯಾಗಿ ಇಡಲಿಲ್ಲ. ಈ ತೀರ್ಪಿನಲ್ಲಿ ಅರ್ಧ ಸತ್ಯವಷ್ಟೇ ಇದೆ. ಕೊಯ್ಲಿಗೆ ಮುಂಚಿನ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ಮಣ್ಣು ಕಾದರೆ, ಬಾಡಿದ ಕಾಯಿಯೊಳಕ್ಕೆ ಬೂಸರು ಹೊಲದಲ್ಲಿಯೇ ಸೇರುತ್ತದೆ. ಬರವೇ ಸಾಮಾನ್ಯವಾದ ಅನಂತಪುರದಂತಹ ಸೀಮೆಯಲ್ಲಿ ಅದು ರೈತನ ಕೈಯಲ್ಲಿಲ್ಲ. ಕಿತ್ತ ಗಿಡವನ್ನು ಬುಡಮೇಲಾಗಿ, ಕಾಯಿಗೆ ಬಿಸಿಲು ತಾಗುವಂತೆ ಒಣಗಿಸಬೇಕು. ಆದರೆ ಆ ದಿನಗಳಲ್ಲಿಯೇ ಅಕಾಲಿಕ ಮಳೆ ಬರುವುದುಂಟು. ಮುಂದೆ ಯಂತ್ರದಲ್ಲಿ ಸಿಪ್ಪೆ ಬಿಡಿಸುವಾಗ ಬೀಜ ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸುವ ರೂಢಿ ಪೇಟೆಯಲ್ಲಿ ಬೇರೂರಿತು. ಒಣಗಿಸಿದ್ದನ್ನು ಮತ್ತೆ ನೆನೆಸಿ, ಗೋಣಿಚೀಲದಲ್ಲಿ ತುಂಬಿ, ಅಟ್ಟಿಯೊಟ್ಟಿ ಇಡುವ ಈ ಕ್ರಮ ಹಳೆಯ ವಿದ್ಯೆಯ ನೇರ ವಿಲೋಮ. ಒಣಗಿಸಿ ಮುಚ್ಚುವ ಬದಲು ತೋಯಿಸಿ ತೆರೆದಿಡುವುದು ವ್ಯಾಪಾರದ ಸೌಕರ್ಯವಾಯಿತು.

ಭಾರತದಲ್ಲಿ ದೀರ್ಘಕಾಲ ಕಿಲೋಗೆ 30 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ ಮಿತಿಯಾಗಿತ್ತು. 1999ರಿಂದ ಜಾರಿಗೆ ಬಂದ ಯೂರೋಪಿಯನ್ ಒಕ್ಕೂಟದ ನಿಯಮ ನೇರವಾಗಿ ತಿನ್ನುವ ಶೇಂಗಾಕ್ಕೆ 4 ಮೈಕ್ರೋಗ್ರಾಂ ಮಿತಿ ಹಾಕಿತು. ರಫ್ತಿಗೆ ಹೋಗುವ ಕಾಯಿಯನ್ನು ಯಂತ್ರಗಳು ಬಣ್ಣ ನೋಡಿ ಆರಿಸುತ್ತವೆ. ತಿರಸ್ಕೃತವಾದುದು ಅಗ್ಗದ ಸರಕಾಗಿ ಒಳಪೇಟೆಗೆ ಮರಳಬಲ್ಲುದು. ಮಿತಿ ಕಟ್ಟುನಿಟ್ಟಾದಷ್ಟೂ ರಕ್ಷಣೆ ಪಡೆಯುವವರು ದೂರದವರು. ತಿರಸ್ಕಾರದ ಹೊರೆ ಹೊರುವವರು ಹತ್ತಿರದವರು.

ಪ್ರಯೋಗಶಾಲೆಯ ಹಗೇವು

ವಿಜ್ಞಾನ ಈ ಚರಿತ್ರೆಯಲ್ಲಿ ಹೊರಗಿನದಾಗಿ ಮಾತ್ರ ಉಳಿದಿಲ್ಲ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಆ ದಶಕದಲ್ಲಿಯೇ ಧಾನ್ಯದ ಹುಳುವಿನ ವಿರುದ್ಧ ಸಕ್ರಿಯಗೊಳಿಸಿದ ಜೇಡಿಮಣ್ಣಿನ ಪುಡಿಯನ್ನು ಅಭಿವೃದ್ಧಿಪಡಿಸಿತು. ಹುಳುವಿನ ಮೈಯ ಮೇಣವನ್ನು ಹೀರಿ, ಅದು ಒಣಗಿ ಸಾಯುವಂತೆ ಮಾಡುವ ಆ ಪುಡಿಯ ತತ್ತ್ವಕ್ಕೂ ಹರವಿಯೊಳಗಿನ ಬೂದಿಯ ತತ್ತ್ವಕ್ಕೂ ಅಂತರವಿಲ್ಲ. ಆದರೆ ಉಗ್ರಾಣಗಳು ಹಿಡಿದ ದಾರಿ ಬೇರೆ. ಕೇಂದ್ರ ಉಗ್ರಾಣ ನಿಗಮ 1957ರಲ್ಲಿ, ಭಾರತೀಯ ಆಹಾರ ನಿಗಮ 1965ರಲ್ಲಿ ಸ್ಥಾಪನೆಯಾದವು. ಚೀಲಗಳ ಬೆಟ್ಟಗಳಿಗೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳ ಹೊಗೆ ಸುಲಭದ ಉಪಾಯವಾಯಿತು. ಮನುಷ್ಯರಿಗೂ ಮಾರಕವಾದ ಆ ಅನಿಲ ತರಬೇತಿ ಪಡೆದವರ ಕೈಯಲ್ಲಷ್ಟೇ ಇರತಕ್ಕದ್ದು; ಮನೆಗಳಿಗೆ ಅದು ಹೊಕ್ಕಲ್ಲೆಲ್ಲ ಅನಾಹುತ ಮಾಡಿದೆ.

1972ರಲ್ಲಿ ಪಟಾನ್‌ಚೆರುವಿನಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ತೊಗರಿ, ಕಡಲೆ, ಶೇಂಗಾಗಳನ್ನು ತನ್ನ ಮುಖ್ಯ ಬೆಳೆಗಳಲ್ಲಿ ಸೇರಿಸಿಕೊಂಡಿತು. ಕನ್ನಡ ಮಾತಾಡುವ ಜಹೀರಾಬಾದ್, ನಾರಾಯಣಖೇಡ ಸೀಮೆ ಅದೇ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. ಅಫ್ಲಾಟಾಕ್ಸಿನ್ ಪತ್ತೆಗೆ ಕಡಿಮೆ ಖರ್ಚಿನ ಪರೀಕ್ಷೆಗಳನ್ನು ಆ ಸಂಸ್ಥೆ ರೂಪಿಸಿತು. ಇದಕ್ಕೆ ಸಮಾಂತರವಾಗಿ, 1980ರ ದಶಕದ ಕೊನೆಯಲ್ಲಿ ಪಶ್ಚಿಮ ಹಾಗೂ ಮಧ್ಯ ಆಫ್ರಿಕದ ಅಲಸಂದೆ ಬೆಳೆಗಾರರಿಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕೀಟವಿಜ್ಞಾನಿಗಳು ಗಾಳಿಯಾಡದ ಪದರಚೀಲವನ್ನು ಕಂಡುಹಿಡಿದರು. ಚೀಲದೊಳಗೆ ದುಂಬಿಯ ಮರಿಗಳು ಉಸಿರಾಡಿ ಆಮ್ಲಜನಕವನ್ನು ಮುಗಿಸಿ, ಬೆಳೆಯಲಾರದೆ ಒಣಗಿ ಸಾಯುತ್ತವೆ. ಇಂದು ಭಾರತದ ಪೇಟೆಯಲ್ಲಿಯೂ ಸಿಗುವ ಇಂತಹ ಚೀಲಗಳ ತತ್ತ್ವ ಹಗೇವಿನದೇ. ಅವುಗಳ ಬಳಕೆಯ ಮೊದಲ ಸೂಚನೆಯೂ ಹಳೆಯದೇ: ಕಾಳು ಚೆನ್ನಾಗಿ ಒಣಗಿದ ಮೇಲೆಯೇ ಮುಚ್ಚಬೇಕು. ನೆಲದಡಿಯ ವಿದ್ಯೆ ಬೇರೊಂದು ಖಂಡದ ದಾರಿಯಿಂದ, ಬೇರೊಂದು ಹೆಸರಿನಲ್ಲಿ ಹಿಂದಿರುಗಿತು.

ಪದಗಳ ಉಗ್ರಾಣ

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. 1956ರ ನವೆಂಬರ್ 1ರ ಪುನರ್ವಿಂಗಡಣೆ ಕಾಸರಗೋಡನ್ನು ಕೇರಳಕ್ಕೆ ಕೊಟ್ಟಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಬೊಂಬಾಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ಈ ಗಡಿಗಳನ್ನು ಹುಳುವಾಗಲಿ ಬೂಸರಾಗಲಿ ಮನ್ನಿಸಲಿಲ್ಲ. ಆದರೆ ಅವುಗಳ ಬಗೆಗಿನ ಸರಕಾರಿ ತಿಳಿವಳಿಕೆ ಮುಖ್ಯವಾಗಿ ಆಯಾ ರಾಜ್ಯದ ಭಾಷೆಯಲ್ಲಿ ಹರಿಯತೊಡಗಿತು.

ಇಲ್ಲಿ ಪದಗಳ ಚರಿತ್ರೆ ಒಂದು ವೈಚಿತ್ರ್ಯವನ್ನು ತೋರಿಸುತ್ತದೆ. ಕನ್ನಡದ ಬೂಸು, ಬೂಸರು, ಬೂಜು, ತೆಲುಗಿನ ಬೂಜು, ತಮಿಳಿನ ಪೂಸಣ, ಪೂಂಜೈ, ಮಲಯಾಳದ ಪೂಪ್ಪಲ್ ಇವುಗಳಲ್ಲಿ ಬಂಧುತ್ವದ ದನಿ ಕೇಳಿಸುತ್ತದೆ, ಮರಾಠಿಯ ಬುರಶೀ ಕೂಡ ಕಿವಿಗೆ ದೂರದ್ದಲ್ಲ. ಹೊಸೂರಿನ ಕನ್ನಡ ರೈತನಿಗೂ ಅವನ ತಮಿಳು ನೆರೆಯವನಿಗೂ ಬೂಸರಿನ ವಿಷಯದಲ್ಲಿ ದುಭಾಷಿ ಬೇಕಿಲ್ಲ. ದುಭಾಷಿ ಬೇಕಾದುದು ಅಫ್ಲಾಟಾಕ್ಸಿನ್ ಎಂಬ ಪದಕ್ಕೆ. ಅದು ಈ ಐದು ಭಾಷೆಗಳಲ್ಲಿ ಯಾವುದಕ್ಕೂ ತನ್ನದಲ್ಲ. ‘ಬೂಸರು ಹಿಡಿದ ಕಾಯಿಯನ್ನು ಒರೆಸಿ ಬಳಸಬೇಡಿ, ದನಕ್ಕೂ ಹಾಕಬೇಡಿ’ ಎಂಬ ಒಂದು ವಾಕ್ಯ ತಾಂತ್ರಿಕ ಪದದ ಹೊರೆಯಿಲ್ಲದೆ ಮನೆಮಾತಿನಲ್ಲಿ ತಲುಪಬೇಕಾದದ್ದು ಕಾಳನ್ನು ಆರಿಸಿ ಕೂಡಿಡುವ ಹೆಂಗಸರಿಗೆ. ರಾಜ್ಯಭಾಷೆಯ ಶಾಲೆ, ಕಚೇರಿ, ಸಭೆಗಳಿಗೆ ಹೆಚ್ಚಾಗಿ ಹೋಗಿಬರುವವರು ಗಂಡಸರು.

ಇತ್ತೀಚೆಗೆ ಈ ಭಾಗದ ಕಾಳುಗಳಿಗೆ ಮನ್ನಣೆ ದೊರೆಯುತ್ತಿದೆ. ಕಲಬುರಗಿ ತೊಗರಿಗೆ 2019ರಲ್ಲಿ, ಗಡಿಯಾಚೆಯ ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಒಂದೇ ಸುಣ್ಣಕಲ್ಲಿನ ನೆಲ, ಒಂದೇ ಬೆಳೆ. ಎರಡು ರಾಜ್ಯಗಳು, ಎರಡು ಹೆಸರುಗಳು. ಹೆಸರು ಬೆಳೆಗೆ ಸಿಕ್ಕಿದೆ. ಅದನ್ನು ಕಾಯ್ದ ವಿದ್ಯೆಗೆ ಇನ್ನೂ ಸಿಕ್ಕಿಲ್ಲ. ಹಗೇವು, ಪೇವ, ಗುಮ್ಮಿ, ಹರವಿ, ಕಣಜ, ಮುಡಿ, ಅಟ್ಟ ಎಂಬ ಪದಗಳು ಒಂದೊಂದೂ ಒಂದೊಂದು ಸೀಮೆಯ ಮಳೆ, ಮಣ್ಣು, ಕಾಳುಗಳನ್ನು ಅಳೆದು ಮಾಡಿದ ತೀರ್ಮಾನಗಳು. ಆ ಪದಗಳನ್ನು ಬಲ್ಲ ಹಿರಿಯ ತಲೆಮಾರು ಗಡಿಯ ಎರಡೂ ಬದಿಗಳಲ್ಲಿ ಕರಗುತ್ತಿದೆ. ಅವರ ಬಾಯಿಂದ ಪದದ ಜೊತೆಗೆ ಅದರ ಹಿಂದಿನ ಕ್ರಮವನ್ನೂ ಬರೆದುಕೊಂಡರೆ, ಗಾಳಿಯಾಡದ ಚೀಲವನ್ನು ಮನೆಗೆ ತಂದ ರೈತನಿಗೆ ಅದು ಪರಕೀಯ ವಸ್ತುವಾಗದೆ ಅಜ್ಜನ ಹಗೇವಿನ ಮುಂದುವರಿಕೆಯಾಗಿ ತೋರಬಹುದು. ಒಣಗಿಸದೆ ಅದನ್ನು ಕಟ್ಟಬಾರದೆಂಬ ಮಾತನ್ನು ಆಗ ಬೇರೆ ಭಾಷೆಯ ಕರಪತ್ರದಿಂದ ಕಲಿಯಬೇಕಾಗಿಲ್ಲ. ಅದು ಮನೆಯಲ್ಲಿಯೇ ಇದೆ.